ನಾಡಿ ಇಲ್ಲದ ಅತ್ತೆ

ನಮ್ಮ ಮನೆಯ ಮುಂಬಾಗಿಲು ದಾಟದವಳು ಒಬ್ಬಳೇ ಇದ್ದಳು, ನನ್ನ ಅತ್ತೆ. ಅಪ್ಪನ ಅಕ್ಕ, ಮದುವೆಯಾಗದೆ ನಮ್ಮ ಜೊತೆಗೇ ಉಳಿದವಳು. ಅವಳು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು, ಹಿತ್ತಿಲ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದಳು. ಊಟಕ್ಕೆ ಸಾಲಾಗಿ ಬಾಳೆ ಎಲೆ ಹಾಕಿದರೆ ಎಲ್ಲರ ಎಲೆಯ ತುದಿ ಎಡಕ್ಕಿರುತ್ತಿತ್ತು, ಅತ್ತೆಯದು ಬಲಕ್ಕೆ. ಹಾಗೆ ಎಲೆ ಹಾಕುವುದು ತೀರಿಹೋದವರಿಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮ್ಮ ಸಾಲಿನಲ್ಲಿ ಎಲೆ ಹಾಕುತ್ತಾ ಬಂದು ಅತ್ತೆಯ ಜಾಗದಲ್ಲಿ ಮಾತ್ರ ತಿರುಗಿಸಿ ಇಡುತ್ತಿದ್ದಳು, ಅತ್ತೆ ಸುಮ್ಮನೆ ಕೂತು ಉಣ್ಣುತ್ತಿದ್ದಳು. ಹಸಿವೆಯಂತೂ ಅವಳಿಗೆ ನಮ್ಮೆಲ್ಲರಿಗಿಂತ ಜೋರು.

ಕಾರಣ ಇಷ್ಟೆ. ಅತ್ತೆಗೆ ನಾಡಿ ಇರಲಿಲ್ಲ.

ಅವಳು ಸಣ್ಣ ಮಗುವಾಗಿದ್ದಾಗ ಜ್ವರ ಬಂದು ಎಚ್ಚರ ತಪ್ಪಿತ್ತಂತೆ. ಹೊಳೆಯಾಚೆಯಿಂದ ನಾಡಿ ನೋಡುವ ಪಂಡಿತರನ್ನು ಕರೆಸಿದರು. ಹೆಣ್ಣುಮಕ್ಕಳದು ಎಡಗೈ ನೋಡಬೇಕು ಎಂಬುದು ಪದ್ಧತಿ. ಅವರು ಎಡಗೈಯ ಮಣಿಕಟ್ಟಿಗೆ ಬೆರಳಿಟ್ಟು ಬಹಳ ಹೊತ್ತು ಕೂತರು. ಆಮೇಲೆ ಬಲಗೈಯನ್ನೂ ಹಿಡಿದು ನೋಡಿದರು. ಆಮೇಲೆ ಎರಡೂ ಕೈಗಳನ್ನು ಮಗುವಿನ ಎದೆಯ ಮೇಲಿಟ್ಟು ಎದ್ದರು. ಅಜ್ಜಿ ತಂದಿಟ್ಟಿದ್ದ ಮಜ್ಜಿಗೆಯನ್ನು ಮುಟ್ಟಲಿಲ್ಲ. ಪಂಡಿತರು ಮಜ್ಜಿಗೆ ಕುಡಿಯದೆ ಎದ್ದರೆ ಅದರ ಅರ್ಥವೇನೆಂದು ಮನೆಯವರಿಗೆಲ್ಲ ಗೊತ್ತಿತ್ತು. ಮಗುವಿನ ಬಾಯಿಗೆ ನೀರು ಬಿಟ್ಟರು. ಚಾಪೆ ಸಮೇತ ಮುಂಬಾಗಿಲಿನಿಂದ ಎತ್ತಿ ತಂದು ಅಂಗಳದಲ್ಲಿ ಮಲಗಿಸಿದರು. ಅಜ್ಜಿ ಬಾಯಿ ಬಡಿದುಕೊಂಡು ಅಳುತ್ತಿದ್ದಾಗ ಚಾಪೆಯ ಮೇಲಿನ ಮಗು ಎದ್ದು ಕೂತು ಗಂಜಿ ಕೇಳಿತು.

ಖುಷಿಪಡಬೇಕಿತ್ತು ಅಲ್ಲವೇ? ನಮ್ಮವರು ಹೆದರಿದರು. ಮತ್ತೆ ಕೈ ಹಿಡಿದು ನೋಡಿದರೆ ಆಗಲೂ ನಾಡಿ ಇಲ್ಲ. ಹೋಗಬೇಕಾದ್ದು ಹೋಗಿದೆ, ಮೈ ಮಾತ್ರ ಎದ್ದು ಕೂತಿದೆ ಎಂದು ಯಾರೋ ಹಿರಿಯರು ತೀರ್ಮಾನ ಕೊಟ್ಟರು. ಬಾಯಿಗೆ ನೀರು ಬಿಡಿಸಿಕೊಂಡು ಮುಂಬಾಗಿಲಿನಿಂದ ಹೊರಟವರು ಮತ್ತೆ ಆ ಬಾಗಿಲಲ್ಲಿ ಬರುವಂತಿಲ್ಲ. ಹಾಗಾಗಿ ಮಗುವನ್ನು ಸುತ್ತು ಹಾಕಿಸಿ ಹಿತ್ತಿಲಿನಿಂದ ಒಳಗೆ ತಂದರು. ಅಲ್ಲಿಂದ ಹಿಡಿದು ಅವಳ ತಲೆ ನರೆಯುವವರೆಗೂ ಅದೇ ನಡೆದುಕೊಂಡು ಬಂತು. ಕಂಕಣ ಕಟ್ಟುವ ಕೈಯಲ್ಲೇ ಜೀವ ಇಲ್ಲ ಎಂದ ಮೇಲೆ ಮದುವೆಯ ಮಾತು ಯಾರು ಎತ್ತುತ್ತಾರೆ?

ನಾನು ಚಿಕ್ಕಂದಿನಿಂದಲೂ ವಾದಿಸುವವಳು. "ಎದೆ ಬಡೀತದಲ್ಲ ಅತ್ತೆ?" ಎಂದು ಕೇಳಿದ್ದೆ.

"ಎದೆ ಓಡಿದ್ರೂ ಬಡಿತದೆ, ಹಸಿದ್ರೂ ಬಡಿತದೆ. ಜೀವ ಇರೂದು ಕೈಲಿ ಮಗಾ" ಎಂದಿದ್ದಳು.

ಎಷ್ಟೋ ವರ್ಷಗಳ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಅವಳ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತಿದಾಗ ಅಂಕಿಗಳು ಮೂಡಿದವು. "ಅದು ಕರೆಂಟಿಂದು, ನಂದಲ್ಲ" ಎಂದು ಅತ್ತೆ ನಕ್ಕುಬಿಟ್ಟಳು. ಒಮ್ಮೆ ಮನೆಯಲ್ಲಿ ಒಂದು ಮಾತು ನೆಲೆಯಾಯಿತೆಂದರೆ ಯಂತ್ರ ಬಂದರೂ ಅಲ್ಲಾಡಿಸುವುದಕ್ಕೆ ಆಗುವುದಿಲ್ಲ.

ನಾಡಿ ಇಲ್ಲದವಳಿಗೆ ಊರು ಒಂದು ಕೆಲಸ ಕೊಟ್ಟಿತ್ತು. ಯಾರಾದರೂ ಮುದುಕರು ಜೀವ ಹೋಗದೆ ಒದ್ದಾಡುತ್ತಿದ್ದರೆ ಅತ್ತೆಯನ್ನು ಕರೆಯುತ್ತಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತು, ಕೈ ಹಿಡಿದು, "ಹೆದ್ರಬೇಡ, ನಾ ಹೋಗಿ ಬಂದವ್ಳು" ಎನ್ನುತ್ತಿದ್ದಳು. ಅವರು ಹೊರಡುತ್ತಿದ್ದರು. ಮೊದಲು ನಮ್ಮೂರು ಮಂಕಿಯೊಳಗೆ ಮಾತ್ರ, ಆಮೇಲೆ ಹೊನ್ನಾವರ, ಕುಮಟಾ ಕಡೆಯಿಂದ ರಿಕ್ಷಾ ಬರತೊಡಗಿತು. ಭಟ್ಕಳದಿಂದ ಬುರ್ಖಾ ಹಾಕಿದ ಹೆಂಗಸೊಬ್ಬರು ಕಾರು ತಂದು ತಮ್ಮ ತಾಯಿಗಾಗಿ ಕರೆದುಕೊಂಡು ಹೋದದ್ದೂ ಉಂಟು. ಸಾವಿನ ಮುಂದೆ ಯಾವ ಜಾತಿಯವರೂ ಅತ್ತೆಯ ಜಾತಿ ಕೇಳಲಿಲ್ಲ.

ಇನ್ನೊಂದು ಕೆಲಸವೂ ಇತ್ತು. ಹೆಂಗಸರು ಹಿತ್ತಿಲಿಗೆ ಬಂದು ಅವಳ ಕಿವಿಯಲ್ಲಿ ಏನೋ ಹೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಸತ್ತ ಗಂಡನಿಗೆ, ಸತ್ತ ಮಗುವಿಗೆ ಮುಟ್ಟಿಸಬೇಕಾದ ಮಾತು. ಅದನ್ನು ತೆಗೆದುಕೊಂಡು ಅತ್ತೆ ಮಟಮಟ ಮಧ್ಯಾಹ್ನ ಕಡಲ ದಂಡೆಗೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ನಮ್ಮ ಕಡೆ ಮಕ್ಕಳನ್ನು ಅಂಗಳಕ್ಕೂ ಬಿಡುವುದಿಲ್ಲ. ನಾನು ಒಂದು ದಿನ ಕದ್ದು ಹಿಂದೆಯೇ ಹೋದೆ. ದೋಣಿಗಳೆಲ್ಲ ಮರಳ ಮೇಲೆ ಮಗುಚಿ ಬಿದ್ದಿದ್ದವು, ಒಂದು ನರಪಿಳ್ಳೆಯೂ ಇರಲಿಲ್ಲ. ಅತ್ತೆ ತೆರೆ ಬಂದು ಮುಟ್ಟುವ ಕಡೆ ನಿಂತು, ನಿನ್ನೆ ಬಂದಿದ್ದ ಹೆಂಗಸಿನ ಮಾತುಗಳನ್ನು ಅದೇ ರಾಗದಲ್ಲಿ ಹೇಳುತ್ತಿದ್ದಳು. ಹೇಳಿ ಮುಗಿಸಿ ತಲೆ ವಾಲಿಸಿ ಸುಮ್ಮನೆ ನಿಂತಳು. ಸ್ವಲ್ಪ ಹೊತ್ತಾದ ಮೇಲೆ, "ಆತು, ಹೇಳ್ತೆ" ಎಂದಳು. ಎದುರಿಗೆ ಯಾರೂ ಇರಲಿಲ್ಲ. ನಾನು ಬಿದ್ದಂಬೀಳ ಮನೆಗೆ ಓಡಿದೆ.

ಆ ಸಂಜೆ ಅವಳ ಮಡಿಲಲ್ಲಿ ಮಲಗಿ ಮೆಲ್ಲಗೆ ಅವಳ ಮಣಿಕಟ್ಟು ಒತ್ತಿ ನೋಡಿದೆ. ತಣ್ಣಗಿತ್ತು. ಏನೂ ಇರಲಿಲ್ಲ. ಆಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ ನನ್ನ ಕೈ ನೋಡಿಕೊಂಡೆ. ಬಲಗೈಯಲ್ಲಿ ಟುಕುಟುಕು ಎನ್ನುತ್ತಿತ್ತು. ಎಡಗೈಯಲ್ಲಿ ಇರಲಿಲ್ಲ. ಬೆರಳು ಸರಿಸಿ ನೋಡಿದೆ, ಒತ್ತಿ ನೋಡಿದೆ, ಉಸಿರು ಬಿಗಿಹಿಡಿದು ನೋಡಿದೆ. ಎಡಗೈ ಅತ್ತೆಯದೇ ಆಗಿತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮರುದಿನದಿಂದ ನನ್ನ ಎಲೆಯೂ ತಿರುಗುತ್ತದೆ ಎಂದು ಗೊತ್ತಿತ್ತು. ಅಪ್ಪನ ಹತ್ತಿರ ಹಟ ಮಾಡಿ ಒಂದು ವಾಚು ಕೊಡಿಸಿಕೊಂಡು ಎಡಗೈಗೆ ಬಿಗಿಯಾಗಿ ಕಟ್ಟಿದೆ. ಆಮೇಲೆ ಪ್ರಕೃತಿ ಚಿಕಿತ್ಸೆಯ ಕಾಲೇಜಿಗೆ ಸೇರಿದಾಗಲೂ ನಾಡಿ ಎಣಿಸುವ ಪಾಠಕ್ಕೆ ಬಲಗೈಯನ್ನೇ ಚಾಚುತ್ತಿದ್ದೆ. ರಕ್ತನಾಳ ಕೆಲವರಲ್ಲಿ ದಾರಿ ಬದಲಿಸುತ್ತದೆ ಎಂಬ ಒಂದು ಸಾಲು ಅಂಗರಚನೆಯ ಪುಸ್ತಕದಲ್ಲಿತ್ತು. ಓದಿ ಹಾಳೆ ತಿರುವಿದೆ. ಕೈ ತಿರುವಿ ನೋಡುವ ಧೈರ್ಯ ಬರಲಿಲ್ಲ. ಹುಡುಕಿದ ಮೇಲೂ ಸಿಗದಿದ್ದರೆ? ಪುಸ್ತಕ ಓದಿದರೆ ಭಯ ಹೋಗುತ್ತದೆ ಎನ್ನುವವರು ಮಂಕಿಯ ಮಧ್ಯಾಹ್ನ ನೋಡಿಲ್ಲ.

ಪದವಿ ಮುಗಿಸಿ ಚೀನಾಕ್ಕೆ ಹೊರಟಾಗ ನೆಂಟರು ಆಡಿಕೊಂಡರು. "ಹಿತ್ತಲ ಗಿಡ ಮದ್ದಲ್ಲ ಅಂತ ಸುಳ್ಳಾ ಹೇಳ್ತ್ರು?" ಎಂದರು ಒಬ್ಬರು. ದಕ್ಷಿಣ ಚೀನಾದ ನದಿ ದಂಡೆಯ ಒಂದು ಊರಿನಲ್ಲಿ ಎರಡು ವರ್ಷದ ಓದು. ಬೆಳಿಗ್ಗೆ ಸಾಮಾನ್ಯ ಆಸ್ಪತ್ರೆಯ ವಾರ್ಡು, ಮಧ್ಯಾಹ್ನ ಅವರ ಹಳೆಯ ವೈದ್ಯ. ಸೂಜಿ ಚುಚ್ಚುವುದು, ಒಣ ಎಲೆಯ ಉಂಡೆ ಉರಿಸಿ ಮೈಗೆ ಶಾಖ ಕೊಡುವುದು, ಕಷಾಯ ಅಳೆಯುವುದು. ಔಷಧದ ಕೋಣೆಯಲ್ಲಿ ಗೋಡೆ ತುಂಬ ಮರದ ಸಣ್ಣ ಖಾನೆಗಳು. ಒಂದನ್ನು ಎಳೆದರೆ ಬೇರು, ಇನ್ನೊಂದನ್ನು ಎಳೆದರೆ ಜೀರುಂಡೆ ಕಳಚಿಟ್ಟುಹೋದ ಸಿಪ್ಪೆಗಳ ರಾಶಿ. ಕಣ್ಣಿನ ಜಾಗ, ಕಾಲಿನ ಜಾಗ ಎಲ್ಲ ಇತ್ತು, ಒಳಗೆ ಜೀರುಂಡೆ ಮಾತ್ರ ಇಲ್ಲ. ನನಗೆ ಅತ್ತೆಯ ನೆನಪಾಗಿ ಆ ಖಾನೆಯನ್ನು ಬೇಗ ಮುಚ್ಚಿದೆ.

ನಾಡಿಯ ಪಾಠ ಹೇಳುತ್ತಿದ್ದವರು ವಯಸ್ಸಾದ ಒಬ್ಬ ಮೇಡಂ. ಮೆಲುದನಿ, ಆದರೆ ಕೆಟ್ಟ ಶಿಸ್ತು. ಅವರ ಪದ್ಧತಿಯಲ್ಲಿ ಮೂರು ಬೆರಳು, ಎರಡೂ ಕೈ. ಎಡಗೈಯಲ್ಲಿ ಹೃದಯ, ಯಕೃತ್ತು, ಮೂತ್ರಪಿಂಡ, ಬಲಗೈಯಲ್ಲಿ ಉಳಿದವು. ಬಹಳಷ್ಟು ಬಗೆಯ ನಾಡಿಗಳಿಗೆ ಹೆಸರಿದೆ, ಸಾವು ಹತ್ತಿರ ಬಂದಾಗಿನ ನಾಡಿಗಳಿಗೂ ಇದೆ. ಮನೆಯ ಮಾಡು ಸೋರುವ ನಾಡಿ ಒಂದು: ಬಹಳ ಹೊತ್ತಿಗೆ ಒಂದು ಹನಿ. ಸೀಗಡಿ ನಾಡಿ ಇನ್ನೊಂದು: ಅಲುಗದೆ ನಿಂತಿದ್ದು, ತಟ್ಟನೆ ಒಮ್ಮೆ ಚಿಮ್ಮಿ, ಮತ್ತೆ ಇಲ್ಲ. ತರಗತಿಯಲ್ಲಿ ಉಳಿದವರು ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ನಾನು ಉಪ್ಪುನೀರಿನ ಹಳ್ಳದಲ್ಲಿ ಕಾಲು ಇಳಿಬಿಟ್ಟು ಬೆಳೆದವಳು, ನನಗೆ ಅದು ಬೆರಳ ತುದಿಗೇ ತಿಳಿಯಿತು. ಇಂಥದ್ದನ್ನು ಚೀನಾದಲ್ಲಿ ಕೂತು ಅರ್ಥ ಮಾಡಿಕೊಳ್ಳಬೇಕಾಯಿತಲ್ಲ ಎಂದು ನಗುವೂ ಬಂತು.

ಮರುದಿನ ಒಬ್ಬರ ಕೈ ಒಬ್ಬರು ನೋಡಬೇಕೆಂದು ಮೇಡಂ ಹೇಳಿದಾಗ ನಗು ಅಡಗಿತು. ನನ್ನ ಜೋಡಿ ನೇಪಾಳದ ಹುಡುಗಿ. ಬಲಗೈ ನೋಡಿ ಬರೆದುಕೊಂಡಳು. ಎಡಗೈ ಎಂದಳು. ವಾಚಿನ ನೆಪ ಹೇಳಿದೆ, ಬಿಚ್ಚು ಎಂದಳು. ದಿಂಬಿನ ಮೇಲೆ ಕೈ ಇಟ್ಟೆ. ಅವಳು ಮೂರು ಬೆರಳಿಟ್ಟು, ನನ್ನ ಮುಖ ನೋಡಿ ನಕ್ಕಳು. ಬೆರಳು ಒತ್ತಿದಳು. ಆಮೇಲೆ ನಗುವುದನ್ನು ನಿಲ್ಲಿಸಿದಳು. ಅವಳ ಕಣ್ಣಿನಲ್ಲಿ ನಾನು ನಮ್ಮ ಮನೆಯ ಅಂಗಳವನ್ನು ಕಂಡೆ, ಚಾಪೆಯನ್ನು ಕಂಡೆ. ಎದ್ದು ಓಡಿಹೋಗಬೇಕು ಎನ್ನಿಸಿತು.

ಮೇಡಂ ಬಂದರು. ಏನಾಯಿತು ಎಂದು ಕೇಳಿ, ಅವರೂ ಬೆರಳಿಟ್ಟರು. ಆಮೇಲೆ, ಮಗು ಮಗ್ಗುಲು ಬದಲಿಸುವುದಕ್ಕೆ ನೆರವಾಗುವ ಹಾಗೆ ಸಾವಧಾನವಾಗಿ ನನ್ನ ಕೈಯನ್ನು ಬೋರಲು ತಿರುಗಿಸಿ, ಹೆಬ್ಬೆರಳ ಬುಡದಿಂದ ಮೇಲೆ ಹಿಂಬದಿಯಲ್ಲಿ ಬೆರಳಿಟ್ಟು ನಕ್ಕರು. "ಇಲ್ಲಿದೆ. ಗಟ್ಟಿಯಾಗಿಯೇ ಇದೆ. ಕೆಲವರದು ಹೀಗೆ ಬೆನ್ನ ಕಡೆಯಿಂದ ಹರಿಯುತ್ತದೆ, ರೋಗವಲ್ಲ" ಎಂದರು. ಅವರ ಭಾಷೆಯಲ್ಲಿ ಅದಕ್ಕೊಂದು ಹೆಸರೂ ಇತ್ತು. ಕೆಲವು ಮನೆತನಗಳಲ್ಲಿ ಇದು ನಡೆದುಬರುತ್ತದೆ ಎಂದೂ ಹೇಳಿದರು. ಇಡೀ ತರಗತಿ ಸಾಲಾಗಿ ಬಂದು ನನ್ನ ಎಡಗೈಯ ಹಿಂಬದಿ ಮುಟ್ಟಿ ಹೋಯಿತು. ಯಾವ ಯಾವುದೋ ದೇಶದವರ ಬೆರಳುಗಳ ಕೆಳಗೆ ಅದು ಬಡಿಯುತ್ತಿತ್ತು, ನಾನು ಎಲ್ಲರ ಮುಂದೆ ಅಳುತ್ತಾ ಕೂತಿದ್ದೆ. ಅವರು ನಾಚಿಕೆ ಎಂದುಕೊಂಡರು.

ಹಾಸ್ಟೆಲಿಗೆ ಬಂದು ಬೂಟು ಬಿಚ್ಚುತ್ತಿದ್ದಾಗ ಊರಿನಿಂದ ವಿಡಿಯೋ ಕರೆ ಬಂತು. ಅಮ್ಮ ಎಂದುಕೊಂಡು ಎತ್ತಿದರೆ ತೆರೆಯ ತುಂಬ ಅತ್ತೆಯ ಮುಖ. ಫೋನಿನ ಮುಂದೆ ಬಾ ಎಂದರೆ "ನಾ ಅದ್ರಲ್ಲಿ ಕಾಣ್ಸೂದಿಲ್ಲ" ಎಂದು ದೂರ ಸರಿಯುತ್ತಿದ್ದವಳು ಅವಳು.

"ಅಲ್ಲಿ ಎಂತಾತು ನಿಂಗೆ?" ಎಂದಳು. "ಹಿತ್ಲಲ್ಲಿ ತೆಂಗಿನ ಮಡ್ಲು ನೇಯ್ತಾ ಕೂತಿದ್ದೆ. ಸುಮಾರು ಜನ ನಿನ್ನ ಕೈ ಹಿಡ್ದು ಎಳದ ಹಂಗೆ ಕಂಡ್ತು."

ಏನೂ ಆಗಿಲ್ಲ ಎಂದೆ. ಸತ್ಯವನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ಅವಳ ಕೈ ಹಿಡಿದು, ತಿರುಗಿಸಿ, ಬೆರಳಿಡಿಸಿ ಹೇಳಬೇಕಿತ್ತು. ನೀನು ಯಾವತ್ತೂ ಸತ್ತಿರಲಿಲ್ಲ ಎಂದು ಅತ್ತೆಗೆ ಹೇಳುವುದು, ಅವಳನ್ನು ಮುಂಬಾಗಿಲಿನಿಂದ ಒಳಗೆ ಕರೆತರುವುದು, ಅದೊಂದೇ ನನ್ನ ತಲೆಯಲ್ಲಿ ಕೂತಿತು. ಆದರೆ ಆ ಮಧ್ಯಾಹ್ನ ಅವಳಿಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ನನ್ನ ಓದಿನಲ್ಲಿ ಇವತ್ತಿಗೂ ಉತ್ತರ ಇಲ್ಲ.

ಮೊದಲ ವರ್ಷದ ರಜೆಗೆ ಬಂದೆ. ಬಂದು ವಾರವಾದರೂ ಹೇಳಲಿಕ್ಕೆ ಹೊತ್ತು ಕೂಡಿಬರಲಿಲ್ಲ. ಅತ್ತೆ ಹಿತ್ತಿಲಲ್ಲಿ ಬಳಚಿನ ಚಿಪ್ಪಿನಿಂದ ಮಾಂಸ ಬಿಡಿಸುತ್ತಾ ಕೂತಿದ್ದಾಗ ಒಮ್ಮೆ ಹತ್ತಿರ ಹೋಗಿ ಕೂತಿದ್ದೆ. ಅವಳು ಚಿಪ್ಪು ಬಾಯಿ ತೆರೆಸುತ್ತಾ, "ನೀ ಎಂತದೋ ಹೊತ್ಕಂಡು ಬಂದೆ. ಇಳ್ಸೂಕೆ ಅವಸರ ಮಾಡಬೇಡ" ಎಂದಳು. ಎದ್ದು ಬಂದೆ.

ಆಮೇಲೆ ತದಡಿಯಿಂದ ವಾಹನ ಬಂತು. ಬಲೆ ಬೀಸಿ ಬದುಕಿದ ಒಬ್ಬ ಅಜ್ಜ ದಿನಗಟ್ಟಲೆ ಹಾಸಿಗೆ ಹಿಡಿದು, ಅನ್ನ ನೀರು ಬಿಟ್ಟು, ಜೀವ ಹೋಗದೆ ಮಲಗಿದ್ದರು. ಅವರ ಮಗ ಅಂಗಳದಲ್ಲಿ ನಿಂತು, ಮುಂದೆ ಕರೆಯದೆ, ಪದ್ಧತಿ ಗೊತ್ತಿದ್ದವನ ಹಾಗೆ ಹಿತ್ತಿಲಿಗೆ ಬಳಸಿ ಹೋದ. ನಾನೂ ಅತ್ತೆಯ ಜೊತೆ ಹತ್ತಿಕೊಂಡೆ. ಅಪ್ಸರಕೊಂಡದ ತಿರುವಿನಲ್ಲಿ ಪ್ರವಾಸಿಗರ ಬಸ್ಸುಗಳು ದಾರಿ ಕಟ್ಟಿಕೊಂಡಿದ್ದವು, ಟೋಪಿ ಹಾಕಿದ ಮಕ್ಕಳು ಐಸ್‌ಕ್ರೀಂ ಹಿಡಿದು ನಮ್ಮ ಕಿಟಕಿಯತ್ತ ಕೈ ಬೀಸಿದರು. ಅತ್ತೆಯೂ ಬೀಸಿದಳು.

ತದಡಿ ತಲುಪಿದಾಗ ಸುಡು ಮಧ್ಯಾಹ್ನ. ಹೊಳೆಯಲ್ಲಿ ಇಳಿತ, ಕೆಸರು ಹೊಳೆಯುತ್ತಿತ್ತು. ಮನೆಯೊಳಗೆ ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಅಜ್ಜನ ಕಣ್ಣುಗಳು ಅರೆತೆರೆದು ಮಾಡು ನೋಡುತ್ತಿದ್ದವು. ನಾನು ಈ ಕಡೆ ಕೂತು ಬಲಗೈ ಹಿಡಿದೆ, ಅತ್ತೆ ಆ ಕಡೆ ಎಡಗೈ ಹಿಡಿದಳು. ಬೆರಳಿಟ್ಟು ಕಾದೆ. ಏನೂ ಇಲ್ಲ. ಇಲ್ಲ. ಆಮೇಲೆ ತಟ್ಟನೆ ಒಂದು ಚಿಮ್ಮು, ಮತ್ತೆ ಇಲ್ಲ. ಪಾಠದಲ್ಲಿ ಕೇಳಿದ್ದ ಸೀಗಡಿ ನಾಡಿ ಇಲ್ಲಿ ಸೀಗಡಿ ಹಿಡಿದವರ ಕೈಯಲ್ಲೇ ಇತ್ತು.

ಅತ್ತೆ ಬಾಗಿ ಅವರ ಕಿವಿಯ ಹತ್ತಿರ ಹೇಳಿದಳು: "ಹೆದ್ರಬೇಡ. ನಾ ಹೋಗಿ ಬಂದವ್ಳು. ದಾರಿ ಇಳಿಜಾರು, ಕಾಲು ನೋಯೂದಿಲ್ಲ. ಬಲೆ ಇಲ್ಲೇ ಇರ್ಲಿ, ಹುಡುಗ್ರು ನೋಡ್ಕಳ್ತ್ರು. ಹೊರಡು."

ಆ ಮುಖ ಸಡಿಲವಾದದ್ದನ್ನು ನಾನು ನೋಡಿದೆ. ಹುಬ್ಬಿನ ನಡುವಿನ ಗಂಟು ಬಿಚ್ಚಿತು. ಇನ್ನೊಂದು ಚಿಮ್ಮಿಗಾಗಿ ಕಾದೆ, ಬರಲಿಲ್ಲ. ಅವರ ಕೈ ನನ್ನ ಬೆರಳುಗಳ ಕೆಳಗೆ ಅತ್ತೆಯ ಕೈಯ ಹಾಗಾಯಿತು. ಇಷ್ಟು ವರ್ಷ ವಾರ್ಡುಗಳಲ್ಲಿ ನಾನು ನೋಡಿದ ಯಾವ ಸಾವೂ ಅಷ್ಟು ಹಗುರಾಗಿರಲಿಲ್ಲ. ಅದನ್ನು ಕಂಡ ಮೇಲೆ ನಾನು ನಾಡಿಯ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿರಬಹುದಿತ್ತು.

ಆದರೆ ಹೊರಡುವಾಗ ನಡೆದದ್ದೇ ಬೇರೆ. ಅತ್ತೆಯನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕರೆದರು. ಅಕ್ಕಿ, ತೆಂಗಿನಕಾಯಿ ಇಟ್ಟ ಮೊರವನ್ನು ಕೈಗೆ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದರು. ಅವಳ ನೆರಳು ಬೀಳದಿರಲಿ ಎಂದು ಮನೆಯ ಸೊಸೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಈಗಷ್ಟೇ ಇವರ ಮನೆಯ ಹಿರಿಯನನ್ನು ಕೈ ಹಿಡಿದು ದಾಟಿಸಿದವಳು! ನನಗೆ ಕೆಂಡದಂಥ ಸಿಟ್ಟು ಬಂತು. ಅತ್ತೆ ಬಗ್ಗಿ ಮೊರ ಎತ್ತಿಕೊಂಡು, ಬೈಗುಳ ಕೇಳಿ ರೂಢಿಯಾದ ದನದ ಹಾಗೆ ನಡೆದಳು.

ಮೀನು ಇಳಿಸುವ ಕಟ್ಟೆಯ ಹತ್ತಿರ ವಾಹನಕ್ಕೆ ಕಾಯುತ್ತಾ ಕೂತಾಗ ಅವಳ ಬಲಗೈಯನ್ನು ಕಿತ್ತುಕೊಂಡಂತೆ ಹಿಡಿದು ಬೋರಲು ತಿರುಗಿಸಿದೆ. ಹಿಂಬದಿಯಲ್ಲಿ ಬೆರಳಿಟ್ಟ ಕೂಡಲೇ ಸಿಕ್ಕಿತು. ಎಡಗೈಯಲ್ಲೂ ಅಲ್ಲೇ. ಅವಳ ಬೆರಳುಗಳನ್ನು ತಂದು ಅದರ ಮೇಲಿಟ್ಟು ಒತ್ತಿ ಹಿಡಿದೆ. "ನೋಡು. ಇದೇ ನಿನ್ನ ನಾಡಿ. ಪಂಡಿತರು ಕೈ ತಿರುಗಿಸಿ ನೋಡಲಿಲ್ಲ, ಅಷ್ಟೆ. ನಂದೂ ಒಂದು ಕೈ ಹೀಗೇ ಇದೆ ಅತ್ತೆ, ನಾನು ಸತ್ತಿದ್ದೇನಾ?" ಎಂದೆ.

ಕಟ್ಟೆಯ ಮೇಲೆ ಕಾಗೆಗಳು ಮೀನಿನ ತಲೆಗೆ ಜಗಳವಾಡುತ್ತಿದ್ದವು. ಅತ್ತೆಯ ಮುಖದಲ್ಲಿ ಖುಷಿ ಬರುತ್ತದೆ ಎಂದು ಕಾಯುತ್ತಿದ್ದೆ. ಅವಳು ತನ್ನ ಕೈಯನ್ನು, ಅದರೊಳಗೆ ಯಾವುದೋ ಹುಳ ಹೊಕ್ಕಿದೆ ಎನ್ನುವ ಹಾಗೆ ನೋಡುತ್ತಿದ್ದಳು.

"ಇದು ಯಾವಾಗಿಂದ ಅದೆ?" ಎಂದಳು.

"ಹುಟ್ಟಿದಾಗಿನಿಂದ."

"ಹಂಗಾರೆ ನಾ ಅಲ್ಲಿಗೆ ಹೋಗೇ ಇರ್ಲಿಲ್ವಾ?"

"ಇಲ್ಲ ಅತ್ತೆ."

ಅವಳು ಹೊಳೆಯ ಕಡೆ ನೋಡುತ್ತಾ, ನನ್ನನ್ನಲ್ಲ, ತನ್ನನ್ನೇ ಕೇಳಿಕೊಳ್ಳುವ ಹಾಗೆ ಕೇಳಿದಳು: "ಮತ್ತೆ ದಂಡೆಲಿ ನಂಗೆ ಉತ್ರ ಕೊಡ್ತಿದ್ದವ್ರು ಯಾರು?"

ನನ್ನ ಹತ್ತಿರ ಇದ್ದದ್ದು ಒಂದು ರಕ್ತನಾಳದ ವಿಚಾರ ಮಾತ್ರ.

ಮನೆಗೆ ಬಂದಾಗ ಅವಳನ್ನು ಮುಂಬಾಗಿಲ ಮೆಟ್ಟಿಲವರೆಗೆ ಕರೆದುಕೊಂಡು ಬಂದೆ. ಅಪ್ಪ ಜಗಲಿಯಲ್ಲಿದ್ದ, ವಿಷಯ ಕೇಳಿ ಎದ್ದು ನಿಂತ. ಅಕ್ಕನ ಕೈ ತಿರುಗಿಸಿ ತಾನೂ ಮುಟ್ಟಿ ನೋಡಿ, ಕಣ್ಣು ತುಂಬಿಕೊಂಡು, "ಬಾ ಅಕ್ಕ" ಎಂದ. ಅತ್ತೆ ಹೊಸ್ತಿಲನ್ನು ನೋಡಿದಳು. ಒಂದು ಕಾಲು ಎತ್ತಿದಳು. ಮತ್ತೆ ಇಳಿಸಿ, ಮನೆಯ ಬದಿಯಿಂದ ನಡೆದು ಹಿತ್ತಿಲಿಗೆ ಹೋದಳು. ಮರುದಿನ ಅಮ್ಮ ಅವಳ ಎಲೆಯ ತುದಿಯನ್ನು ಎಡಕ್ಕೆ ಹಾಕಿ ಬಡಿಸಿದಳು. ಅಷ್ಟು ಹಸಿವೆಯ ಹೆಂಗಸು ಅನ್ನ ಕಲಸಿ ಕಲಸಿ ಎದ್ದುಬಿಟ್ಟಳು.

ಅಲ್ಲಿಂದ ಮೇಲೆ ಮನೆಯಲ್ಲಿ ಬೇರೆ ಯಾರೋ ಬಂದು ಸೇರಿದ ಹಾಗಿತ್ತು. ಮಟಮಟ ಮಧ್ಯಾಹ್ನ ದಂಡೆಯಲ್ಲಿ ನಿಲ್ಲುತ್ತಿದ್ದವಳು ಈಗ ಬಾವಿಯೊಳಗೆ ಬಗ್ಗಿ ನೋಡಲೂ ಹೆದರಿದಳು. ಹಾವು ಕಂಡರೆ ಕೋಲಿನಿಂದ ಆಚೆ ಸರಿಸಿ ತನ್ನ ಪಾಡಿಗೆ ಹೋಗುತ್ತಿದ್ದವಳು ಹಲ್ಲಿ ಲೊಚಗುಟ್ಟಿದರೆ ಬೆಚ್ಚುತ್ತಿದ್ದಳು. ಹಿತ್ತಿಲಿಗೆ ಬಂದ ಹೆಂಗಸರನ್ನು ಮಾತಾಡಿಸದೆ ವಾಪಸು ಕಳಿಸಿದಳು. ಕೆಲಸದ ನಡುವೆ ಕೈ ತಿರುಗಿಸಿ ಬೆರಳಿಟ್ಟುಕೊಂಡು ಕೂತುಬಿಡುತ್ತಿದ್ದಳು, ಕಿವಿ ಕೊಟ್ಟವಳ ಹಾಗೆ. ಒಮ್ಮೊಮ್ಮೆ ಬೆರಳು ಜಾರಿ ನಾಡಿ ಸಿಗದೆ ಹೋದರೆ ಅವಳ ಮುಖ ಬಿಳುಚುವುದನ್ನು ನೋಡಲು ಆಗುತ್ತಿರಲಿಲ್ಲ.

"ಎಂತ ಮಾಡ್ದೆ ನೀನು? ಗುಂಡುಕಲ್ಲಿನ ಹಂಗಿದ್ಲು" ಎಂದು ಅಮ್ಮ ಬೈದಳು. "ಇದ್ನ ಕಲೀಲಿಕ್ಕೆ ಅಲ್ಲಿವರೆಗೆ ಹೋಗ್ಬೇಕಿತ್ತಾ?"

ಸತ್ಯ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪ ಇರಲಿಲ್ಲ, ಇವತ್ತಿಗೂ ಇಲ್ಲ. ಸಂಕಟ ಇತ್ತು. ಬದುಕು ತಂದುಕೊಟ್ಟೆ ಎಂದುಕೊಂಡಿದ್ದೆ, ಅದರ ಬೆನ್ನಿಗೆ ಅಂಟಿಕೊಂಡು ಇನ್ನೊಂದೂ ಬರುತ್ತದೆ ಎಂದು ಹೊಳೆದಿರಲಿಲ್ಲ.

ನಾನು ವಾಪಸು ಹೊರಡುವ ಮುನ್ನಾದಿನ ಭಟ್ಕಳದಿಂದ ಕಾರು ಬಂತು. ಹಿಂದೆ ತಾಯಿಗಾಗಿ ಬಂದಿದ್ದ ಅದೇ ಹೆಂಗಸು. ಈಗ ಅವರ ದೊಡ್ಡಮ್ಮ ಹಾಗೇ ಮಲಗಿದ್ದರಂತೆ. "ಕಣ್ಣು ಮುಚ್ಚೂಕೆ ಹೆದರ್ತಾರೆ ಅಮ್ಮಾ. ನಿಮ್ಮ ಅತ್ತೆ ಬಂದ್ರೆ ಸಾಕು" ಎಂದು ನನ್ನ ಕೈ ಹಿಡಿದುಕೊಂಡರು. ಒಳಗೆ ಹೋಗಿ ನೋಡಿದರೆ ಅತ್ತೆ ಭತ್ತದ ಪೆಟ್ಟಿಗೆಯ ಸಂದಿಯಲ್ಲಿ, ಮೊಣಕಾಲು ಅಪ್ಪಿಕೊಂಡು ಕೂತಿದ್ದಳು.

"ಹೋಗು ಅಂತ ಹೇಳು. ನಾ ಎಂತ 'ಹೋಗಿ ಬಂದವ್ಳು' ಹೇಳ್ಲಿ? ಸುಳ್ಳಲ್ದಾ ಅದು?" ಎಂದಳು.

ಬಂದವರಿಗೆ ಅತ್ತೆಗೆ ಮೈ ಸರಿಯಿಲ್ಲ ಎಂದೆ. ಅವರು ನಂಬಲಿಲ್ಲ. ಕಾರು ಖಾಲಿಯಾಗಿ ತಿರುಗಿಕೊಂಡು ಹೋದದ್ದನ್ನು ಅಂಗಳದಲ್ಲಿ ನಿಂತು ನೋಡಿದೆ. ಭಟ್ಕಳದ ಯಾವುದೋ ಕೋಣೆಯಲ್ಲಿ ಒಬ್ಬ ಮುದುಕಿ ಬಾಗಿಲ ಕಡೆ ಕಣ್ಣಿಟ್ಟು ಮಲಗಿದ್ದಳು, ಅವಳ ಹತ್ತಿರ ಇನ್ನು ಯಾರೂ ಹೋಗುವುದಿಲ್ಲ.

ಒಳಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತೆ. ಅವಳ ಬೆರಳು ಕೈಯ ಹಿಂಬದಿಯಲ್ಲೇ ಇತ್ತು.

"ಇದು ಒಂದಿನ ನಿಲ್ತದೆ ಅಲ್ದಾ?" ಎಂದು ಕೇಳಿದಳು.

ಎಷ್ಟೋ ರೋಗಿಗಳಿಗೆ ಎಷ್ಟೋ ರೀತಿಯಲ್ಲಿ ಮಾತು ತಪ್ಪಿಸಿದವಳು ನಾನು. ಅವಳಿಗೆ ಆಗಲಿಲ್ಲ. "ಹೌದು ಅತ್ತೆ" ಎಂದೆ.

"ಆವಾಗ ನನ್ನ ಹತ್ರ ಯಾರು ಕೂತ್ಕಳ್ತ್ರು?"

"ನಾನು ಕೂತ್ಕಳ್ತೆ."

"ನಿಂಗೆ ದಾರಿ ಗೊತ್ತಿಲ್ಲ."

"ನಿಂಗೂ ಗೊತ್ತಿಲ್ಲ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಪೆಟ್ಟಿಗೆಗೆ ಒತ್ತಿಕೊಂಡು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ನಾನು ಆ ಸಂದಿಯಲ್ಲಿ ತೂರಿ ಕೂತು, ವಾಚು ಬಿಚ್ಚಿ, ಎಡಗೈಯನ್ನು ಬೋರಲಾಗಿ ಅವಳ ಮಡಿಲಲ್ಲಿಟ್ಟೆ. ಅತ್ತೆ ತನ್ನ ಕೈ ಬಿಟ್ಟು ನನ್ನದನ್ನು ಹಿಡಿದುಕೊಂಡಳು.